ಮಾತ್ರೆ ತಪ್ಪಿದ ದನಿ

ಪುಣೆಗೆ ಬಂದು ನೆಲೆಸಿದ ಹಿಂದಿನ ತಲೆಮಾರಿನ ಎಷ್ಟೋ ಕನ್ನಡಿಗರು ರಾತ್ರಿಯ ಹೊತ್ತು ರೇಡಿಯೋದ ಮುಳ್ಳನ್ನು ತಿರುವಿ ತಿರುವಿ ಧಾರವಾಡ ಆಕಾಶವಾಣಿಯನ್ನು ಹುಡುಕುತ್ತಿದ್ದರು. 1950ರಲ್ಲಿ ಆರಂಭವಾದ ಆ ಕೇಂದ್ರದ ಮಧ್ಯಮ ತರಂಗದ ದನಿ ಇಲ್ಲಿಗೆ ತಲುಪುವಷ್ಟರಲ್ಲಿ ಏರಿಳಿಯುತ್ತಿತ್ತು. ನಡುನಡುವೆ ಗೊರಗೊರ ಸದ್ದು ನುಗ್ಗುತ್ತಿತ್ತು. ಆದರೂ ಅರ್ಥವಾಗುತ್ತಿತ್ತು. ಕೇಳದೆ ಹೋದ ಅಕ್ಷರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತಿತ್ತು. ನಮ್ಮ ಕಿವಿಗೆ ಇರುವ ಈ ಔದಾರ್ಯ ಯಂತ್ರಕ್ಕೆ ಎಷ್ಟರಮಟ್ಟಿಗೆ ಇದೆ ಎಂಬ ಪ್ರಶ್ನೆ ಕಳೆದ ಮಳೆಗಾಲದಲ್ಲಿ ನನ್ನನ್ನು ಬಹಳ ಕಾಡಿತು.

ನಾನು ಹವ್ಯಾಸಿ ರೇಡಿಯೋದವನು; ಜನ ನಮ್ಮನ್ನು 'ಹ್ಯಾಮ್' ಎನ್ನುತ್ತಾರೆ. ಈ ಹುಚ್ಚನ್ನು ಹಚ್ಚಿದವರು ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರರು. ಕುಮಾರವ್ಯಾಸನನ್ನು ರಾಗವಾಗಿ ಓದಿ ಇಡೀ ತರಗತಿಯನ್ನು ಸ್ತಬ್ಧಗೊಳಿಸುತ್ತಿದ್ದ ಅವರು ಈಗ ಧಾರವಾಡದಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದಾರೆ. ಮೂರು ವರ್ಷಗಳ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ದನಿ ಹೋಯಿತು. ಮೊಬೈಲಿನ ಸಂದೇಶ ಅವರಿಗೆ ಒಗ್ಗದು. "ಅದು ಅಂಚೆ, ಮಾತಲ್ಲ" ಎಂದು ಕಾಗದದ ಮೇಲೆ ಬರೆದು ತೋರಿಸಿದರು. ಹಾಗಾಗಿ ದಿನವೂ ಸಂಜೆ ಐದೂವರೆಗೆ 40 ಮೀಟರ್ ಬ್ಯಾಂಡಿನಲ್ಲಿ, 7.074 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ, ನಮ್ಮಿಬ್ಬರ ಭೇಟಿ. ಮಾತು ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ.

ಇದರ ಕ್ರಮ ಸರಳ. ಗಡಿಯಾರವನ್ನು 15 ಸೆಕೆಂಡುಗಳ ಪಾಳಿಗಳಾಗಿ ಹಂಚಲಾಗಿದೆ. ಒಂದು ಪಾಳಿ ಅವರದು, ಮುಂದಿನದು ನನ್ನದು. ಸಂದೇಶವನ್ನು ಕಂಪ್ಯೂಟರು ಎಂಟು ಸ್ವರಗಳ ಸಣ್ಣ ಸಿಳ್ಳೆಯಾಗಿ ಮಾರ್ಪಡಿಸುತ್ತದೆ. ಒಂದೊಂದು ಸ್ವರಕ್ಕೆ 0.16 ಸೆಕೆಂಡು, ಇಂಥ 79 ಸ್ವರಗಳು, ಒಟ್ಟು 12.64 ಸೆಕೆಂಡು. ಅದನ್ನು ರೇಡಿಯೋ ಪ್ರಸಾರ ಮಾಡುತ್ತದೆ. ಆಚೆ ಕಡೆಯ ಕಂಪ್ಯೂಟರು ಸೌಂಡ್ ಕಾರ್ಡಿನ ಮೂಲಕ ಕೇಳಿ ಮತ್ತೆ ಅಕ್ಷರ ಮಾಡುತ್ತದೆ. ಕರೆಸಂಕೇತಗಳ ವಿನಿಮಯ ಮುಗಿದ ಮೇಲೆ ಸ್ವಂತ ಮಾತಿಗೆ ಸಿಗುವುದು ಹದಿಮೂರೇ ರೋಮನ್ ಅಕ್ಷರ. ಮಾಸ್ತರರಿಗೆ ಅಷ್ಟು ಸಾಕು. "ಚಾ ಆತೇನೋ" ಎನ್ನುತ್ತಾರೆ. "ಮಳಿ ಜೋರೇನೋ" ಎನ್ನುತ್ತಾರೆ.

ಜೂನ್ ತಿಂಗಳಲ್ಲಿ ಈ ಮಾತು ಮುರಿಯತೊಡಗಿತು. ಪರದೆಯ ಮೇಲೆ ಜಲಪಾತದಂತೆ ಇಳಿಯುವ ಚಿತ್ರದಲ್ಲಿ ಅವರ ಗೆರೆ ಎದ್ದು ಕಾಣುತ್ತಿತ್ತು. ಕೆಳಗೆ ಮಾತ್ರ ಒಂದಕ್ಷರವೂ ಮೂಡುತ್ತಿರಲಿಲ್ಲ. ಅವರದಷ್ಟೇ ಅಲ್ಲ, ಆ ಪಾಳಿಯಲ್ಲಿ ಯಾರದೂ ಇಲ್ಲ. ಮುಂದಿನ ಪಾಳಿ ಸರಿ, ಅದರ ಮುಂದಿನ ಮೂರು ಖಾಲಿ. ನಾಲ್ಕನೆಯ ದಿನ ಅವರ ಸೊಸೆಯ ಫೋನು ಬಂತು: "ಮಾವಾರು ತಮ್ಮ ಸೆಟ್ಟ ಕೆಟ್ಟದ ಅಂತ ಎಲ್ಲಾ ಬಿಚ್ಚಿಕೊಂಡು ಕುಂತಾರ್ರಿ." ಎಂಬತ್ತರ ಸಮೀಪದ ಜೀವ, ನಡುಗುವ ಕೈ, ಬೆಸುಗೆಯ ಕಡ್ಡಿ. ಇನ್ನು ತಡಮಾಡುವಂತಿರಲಿಲ್ಲ.

ವಿಚಿತ್ರವೆಂದರೆ ಬೆಳಗಿನ ಜಾವ ಇದೇ ಯಂತ್ರ ಯುರೋಪಿನ ತೀರಾ ಕ್ಷೀಣ ಸಂಕೇತಗಳನ್ನು ಸಲೀಸಾಗಿ ಓದುತ್ತಿತ್ತು. ಸುತ್ತಲಿನ ಗದ್ದಲದ ಶಕ್ತಿ ಸಂಕೇತದ ನೂರು ಪಟ್ಟು ಇದ್ದರೂ ಎಫ್‌ಟಿ8 ಓದಬಲ್ಲದು. ಅಂಥದ್ದು ಧಾರವಾಡದ ಗಟ್ಟಿ ಸಂಕೇತವನ್ನು ಏಕೆ ಓದದು? ಉತ್ತರ ತಂತ್ರಾಂಶದ ಒಂದು ಸಣ್ಣ ಎಚ್ಚರಿಕೆಯಲ್ಲಿತ್ತು: ಧ್ವನಿಯ ಸ್ಯಾಂಪಲ್‌ಗಳು ಕಳೆದುಹೋಗುತ್ತಿವೆ. ಸೌಂಡ್ ಕಾರ್ಡು ಸೆಕೆಂಡಿಗೆ 48,000 ಬಾರಿ ಧ್ವನಿಯನ್ನು ಅಳೆದು ಕಂಪ್ಯೂಟರಿಗೆ ಒಪ್ಪಿಸುತ್ತದೆ. ಕಂಪ್ಯೂಟರು ಬೇರೆ ಕೆಲಸದಲ್ಲಿ ಮುಳುಗಿ ಆ ಕ್ಷಣ ಕೈ ಚಾಚದಿದ್ದರೆ ಅಷ್ಟು ಧ್ವನಿ ಹೋದಂತೆಯೇ. ಯುಎಸ್‌ಬಿ ತಂತಿಯಲ್ಲಿ ಬರುವ ಧ್ವನಿಗೆ ಮರುರವಾನೆ ಎಂಬುದಿಲ್ಲ.

ಕಳೆದದ್ದು ಸುಮಾರು 0.3 ಸೆಕೆಂಡು, ಹೆಚ್ಚೆಂದರೆ ಎರಡು ಸ್ವರ. ಅಷ್ಟಕ್ಕೇ ಇಡೀ ಸಂದೇಶ ಏಕೆ ಬೀಳಬೇಕು ಎಂದರೆ, ಮಾಸ್ತರರು ಕಲಿಸಿದ ಛಂದಸ್ಸನ್ನೇ ನೆನೆಯಬೇಕು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಓದುವವನು ಒಂದು ಅಕ್ಷರವನ್ನು ಅಸ್ಪಷ್ಟವಾಗಿ ಉಚ್ಚರಿಸಿದರೂ ನಡಿಗೆ ಕೆಡುವುದಿಲ್ಲ. ಒಂದು ಮಾತ್ರೆಯನ್ನೇ ನುಂಗಿದರೆ ಮುಂದಿನ ಗಣಗಳೆಲ್ಲ ಸ್ಥಾನಪಲ್ಲಟವಾಗಿ ಸಾಲು ಮುಗ್ಗರಿಸುತ್ತದೆ. ಎಫ್‌ಟಿ8ರಲ್ಲೂ ಹಾಗೆಯೇ. 77 ಬಿಟ್ಟುಗಳ ಸಂದೇಶವನ್ನು ಕಾಯಲು 97 ಹೆಚ್ಚುವರಿ ಬಿಟ್ಟುಗಳಿವೆ. ಗದ್ದಲದಲ್ಲಿ ಮಸುಕಾದ ಸ್ವರಗಳನ್ನು ಅವು ತಿದ್ದಿಕೊಳ್ಳುತ್ತವೆ. ಆದರೆ ಆದಿ, ಮಧ್ಯ, ಅಂತ್ಯಗಳಲ್ಲಿ ತಾಳದ ಪೆಟ್ಟುಗಳಂತೆ ಏಳೇಳು ಗುರುತಿನ ಸ್ವರಗಳಿದ್ದು, ಅವುಗಳ ನಡುವಿನ ಅಂತರದ ಮೇಲೆ ಎಲ್ಲ ಲೆಕ್ಕ ನಿಂತಿದೆ. ನಡುವೆ ಕಾಲವೇ ಕಳೆದರೆ ಮುಂದಿನದೆಲ್ಲ ಜಾಗ ತಪ್ಪುತ್ತದೆ. ಇಡೀ ಸಂದೇಶ ಒಂದು ಸೆಕೆಂಡು ತಡವಾಗಿ ಬಂದರೆ ಕ್ಷಮೆಯುಂಟು. ನಡುವೆ ಕಾಲು ಸೆಕೆಂಡು ಕಾಣೆಯಾದರೆ ಇಲ್ಲ.

ಕಾಲದ ಬಗ್ಗೆ ಈ ನಿಷ್ಠುರತೆ ಎಲ್ಲಿಂದ ಬಂತೆಂಬುದೂ ಸ್ವಾರಸ್ಯಕರ. 2017ರಲ್ಲಿ ಎಫ್‌ಟಿ8 ಅನ್ನು ರೂಪಿಸಿದವರು ಸ್ಟೀವ್ ಫ್ರಾಂಕ್ ಮತ್ತು ಜೋ ಟೇಲರ್. ಟೇಲರ್ ಅವರು 1974ರಲ್ಲಿ ರಸೆಲ್ ಹಲ್ಸ್ ಜೊತೆಗೂಡಿ ಜೋಡಿ ಪಲ್ಸಾರ್ ಒಂದನ್ನು ಕಂಡುಹಿಡಿದು, 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಖಗೋಳಜ್ಞ. ಪಲ್ಸಾರ್ ಎಂದರೆ ಆಕಾಶದಲ್ಲಿ ತಪ್ಪದೆ ಮಿಡಿಯುವ ರೇಡಿಯೋ ನಾಡಿ. ಅದನ್ನು ಕೇಳುವವನಿಗೆ ಕಾಲವೇ ಬಂಡವಾಳ. ಪುಣೆಯಿಂದ ಸುಮಾರು 80 ಕಿಲೋಮೀಟರು ದೂರದ ಖೋಡದ ಗ್ರಾಮದ ಬಳಿ 45 ಮೀಟರ್ ಅಗಲದ 30 ಬೋಗುಣಿಗಳ ಜಿಎಂಆರ್‌ಟಿ ದೂರದರ್ಶಕವೂ ಪಲ್ಸಾರ್‌ಗಳಿಗೆ ಕಿವಿಗೊಡುತ್ತದೆ. ಅಲ್ಲಿಯೂ ಬೇರೆ ಬೇರೆ ದೂರದಿಂದ ಬರುವ ಸಂಕೇತಗಳನ್ನು ಕಾಲಕ್ಕೆ ಸರಿಯಾಗಿ ಹೊಂದಿಸಿದ ಮೇಲೆಯೇ ಅವು ಒಂದಾಗಿ ನುಡಿಯುವುದು.

ನನ್ನ ಶೋಧಕ್ಕೂ ಕಾಲವೇ ದಾರಿ ತೋರಿಸಿತು. ಒಂದು ಸಂಜೆಗೆ ಒಂದೇ ಬದಲಾವಣೆ ಎಂದು ನಿಯಮ ಮಾಡಿಕೊಂಡು ವಹಿಯಲ್ಲಿ ಬರೆದಿಡುತ್ತ ಹೋದೆ. ಸ್ಯಾಂಪಲ್ ವೇಗ 48,000ಕ್ಕೇ ನಿಗದಿಯಾಗಿದೆಯೇ ಎಂದು ನೋಡಿದ್ದಾಯಿತು, ಸರಿಯಿತ್ತು. ಧ್ವನಿಯನ್ನು 'ಇಂಪುಗೊಳಿಸುವ' ಸೌಲಭ್ಯಗಳನ್ನು ತೆಗೆದೆ, ವ್ಯತ್ಯಾಸವಿಲ್ಲ. ಯುಎಸ್‌ಬಿ ಕಿಂಡಿಗಳು ವಿದ್ಯುತ್ ಉಳಿಸಲು ತೂಕಡಿಸದಂತೆ ಮಾಡಿದೆ, ತುಸು ಇಳಿಯಿತು. ಐದನೆಯ ಸಂಜೆ ವಹಿಯನ್ನು ಮೊದಲಿನಿಂದ ಓದಿದಾಗ ನಷ್ಟವೆಲ್ಲ ಐದೂವರೆಯಿಂದ ಆರರೊಳಗೇ ಎಂಬುದು ಕಣ್ಣಿಗೆ ಬಿತ್ತು. ಆ ಹೊತ್ತಿಗೆ ಯಂತ್ರ ಇನ್ನೇನು ಮಾಡುತ್ತಿದೆ? ಮನೆಯ ಫೋಟೋಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡುತ್ತಿತ್ತು! ರಜೆಗೆ ಬಂದಿದ್ದ ಮಗಳು ಅಕ್ಕರೆಯಿಂದ ಹೊಂದಿಸಿಕೊಟ್ಟಿದ್ದ ಏರ್ಪಾಡು. "ಅಪ್ಪ ದಿನಾ ಯಂತ್ರ ಹಚ್ಚುವ ಹೊತ್ತು ಅದೇ" ಎಂದು ಆ ಗಳಿಗೆಯನ್ನೇ ಆರಿಸಿದ್ದಳು. ಡಿಸ್ಕೂ ಸೌಂಡ್ ಕಾರ್ಡೂ ಒಂದೇ ಹಬ್ಬಿಗೆ ಜೋತುಬಿದ್ದಿದ್ದವು. ಕಾರ್ಡಿಗೆ ಪ್ರತ್ಯೇಕ ಕಿಂಡಿ ಕೊಟ್ಟು, ನಕಲಿನ ಕೆಲಸವನ್ನು ರಾತ್ರಿ ಹತ್ತಕ್ಕೆ ಸರಿಸಿದೆ. ಮರುದಿನದಿಂದ ಎಚ್ಚರಿಕೆ ಕಾಣಿಸಲಿಲ್ಲ.

ಊರಿನಿಂದ ದೂರ ಇರುವ ನಾವೆಲ್ಲ ಈಗ ಕಂಪ್ಯೂಟರಿನ ಮೂಲಕವೇ ಹೆತ್ತವರನ್ನು, ಹಿರಿಯರನ್ನು ಕೇಳಿಸಿಕೊಳ್ಳುವವರು. ದನಿ ಕಡಿದಾಗ "ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ" ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ; ಅದನ್ನು ನಂಬಿ ಅತ್ತ ಯಾರೋ ಒಬ್ಬರು ಸರಿಯಿರುವ ಯಂತ್ರವನ್ನು ಬಿಚ್ಚಿ ಕೂರುತ್ತಾರೆ. ದೂರದ ದನಿ ಎಷ್ಟೇ ಕ್ಷೀಣವಾಗಿರಲಿ, ಅದನ್ನು ಎತ್ತಿ ಹಿಡಿಯುವ ಉಪಾಯಗಳಿವೆ. ಕೇಳುವ ಕಡೆಯಲ್ಲಿ ಕಳೆದದ್ದನ್ನು ಆಡುವವರು ತುಂಬಿಕೊಡಲಾರರು.

ಮಾಸ್ತರರಿಗೆ ಎಲ್ಲವನ್ನೂ ಕಾಗದದಲ್ಲಿ ಬರೆದು ತಿಳಿಸಿದೆ, ಷಟ್ಪದಿಯ ಹೋಲಿಕೆಯನ್ನೂ ಸೇರಿಸಿ. ಕಾಗದ ತಲುಪಿದ ಸಂಜೆ ಅವರ ಪಾಳಿಯಲ್ಲಿ ಮೂರೇ ಪದ ಮೂಡಿದವು: "ಗಣ ಸರಿ ಅದ."