ಅಕ್ಷರವಿಲ್ಲದ ಕೀಲಿಗಳು

ಆ ಕೀಬೋರ್ಡ್ ಕೊಂಡಿದ್ದು ನನಗಾಗಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕನ್ನಡ ತಂತ್ರಾಂಶ ಹಾಕಿಕೊಳ್ಳಲು ಅನುಮತಿಯಿಲ್ಲ. ಫೋನಿನಲ್ಲಿ ಎರಡು ಹೆಬ್ಬೆರಳಿನಿಂದ ನಾಲ್ಕು ಸಾಲು ಬರೆಯುವಷ್ಟರಲ್ಲಿ ಐದನೆಯದು ಮರೆತುಹೋಗಿರುತ್ತದೆ. ಮನೆಯಲ್ಲಿ ಟ್ಯಾಬ್ಲೆಟ್ ಇತ್ತಲ್ಲ, ಅದಕ್ಕೊಂದು ಸಣ್ಣ ವೈರ್‌ಲೆಸ್ ಕೀಬೋರ್ಡನ್ನು ಕೋಠಿಯ ಅಂಗಡಿಯಿಂದ ತಂದೆ. ಈಗ ಕುಕಟ್‌ಪಲ್ಲಿಯ ನಮ್ಮ ಮನೆಯಲ್ಲಿ ಅದು ನನ್ನ ಕೈಗೆ ಸಿಗುವುದೇ ಅಪರೂಪ. ಅದು ಅವ್ವನದಾಗಿದೆ.

ಅವ್ವ ರಾಯಚೂರು ಜಿಲ್ಲೆಯ ಸರ್ಕಾರಿ ಕಚೇರಿಯೊಂದರಲ್ಲಿ 28 ವರ್ಷ ಕನ್ನಡ ಬೆರಳಚ್ಚುಗಾರ್ತಿಯಾಗಿದ್ದಳು. ಅಪ್ಪ ತೀರಿಕೊಂಡ ಮೇಲೆ ನಾನೇ ಹೈದರಾಬಾದಿಗೆ ಕರೆದುಕೊಂಡು ಬಂದೆ. ಸಿಂಧನೂರಿನಲ್ಲಿರುವ ದೊಡ್ಡವ್ವನಿಗೆ ಕಿವಿ ಕೇಳಿಸದು, ಫೋನು ಮಾಡಿ ಉಪಯೋಗವಿಲ್ಲ. ಹಾಗಾಗಿ ಅಕ್ಕತಂಗಿಯರ ಮಾತೆಲ್ಲ ಇನ್‌ಲ್ಯಾಂಡ್ ಪತ್ರದಲ್ಲೇ ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಅವ್ವನ ಕೈ ನಡುಗಲು ಶುರುವಾಯಿತು. ತನ್ನ ಅಕ್ಷರ ತನಗೇ ಓದಲಾಗದೆ ಪೆನ್ನು ಕೆಳಗಿಟ್ಟಳು. ಪತ್ರ ನಿಂತಿತು.

ಟ್ಯಾಬಿನ ಮೇಲೇ ಬರೆಯಲು ಹೇಳಿಕೊಟ್ಟು ನೋಡಿದೆ. ಬೆರಳು ನಡುಗಿದಷ್ಟು ಸಲವೂ ಅಕ್ಷರ ಮೂಡುತ್ತಿತ್ತು. "ಈ ಗಾಜು ನಾ ಒತ್ತೋಕಿಂತ ಮೊದಲ ಬರಕೊಂತ ಹೋಗ್ತೈತಿ" ಎಂದು ಸರಿಸಿಬಿಟ್ಟಳು. ಒಂದು ಭಾನುವಾರ ನನ್ನ ಕೀಬೋರ್ಡಿನ ಮೇಲೆ ಸುಮ್ಮನೆ ಕೈಯಿಟ್ಟವಳು ತೆಗೆಯಲಿಲ್ಲ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬನ್ನು ತೋರುಬೆರಳುಗಳು ತಾವೇ ಹುಡುಕಿಕೊಂಡವು. ಕೀಲಿಗೆ ತುಸು ಭಾರ ಬಿದ್ದರಷ್ಟೇ ಅಕ್ಷರ. ಬೆರಳು ಅದರ ಮೇಲೆ ಒರಗಿದಾಗ ನಡುಕವೂ ಕಡಿಮೆ.

ಟ್ಯಾಬಿಗೆ ಅಂಟಿಕೊಂಡೇ ಬರುವ ಕೀಬೋರ್ಡ್ ಕವರ್ ಆಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಅವ್ವನಿಗೆ ತೆರೆ ಕಣ್ಣಿನ ಹತ್ತಿರ ಬೇಕು, ಕೈ ತೊಡೆಯ ಮೇಲೆ ಇರಬೇಕು. ಮಂಚದ ಪಕ್ಕದ ಕಪಾಟಿನ ಮೇಲೆ ಟ್ಯಾಬ್, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಕೀಬೋರ್ಡ್. ತೆರೆಯ ಅರ್ಧ ಜಾಗ ತಿನ್ನುತ್ತಿದ್ದ ಕೀಲಿಗಳು ಮಾಯವಾಗಿ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಲೂ ಅನುಕೂಲವಾಯಿತು. ಒಂದೇ ತಕರಾರು: ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕೀಬೋರ್ಡ್ ಮಲಗಿಬಿಡುತ್ತದೆ, ಎಚ್ಚರವಾಗುವಾಗ ಮೊದಲ ಅಕ್ಷರ ನುಂಗುತ್ತದೆ. "ನಮ್ಮ ಆಫೀಸಿನ ಜವಾನ ಇದ್ದಂಗ ಐತಿ" ಎಂದಳು ಅವ್ವ.

ಯಾವ ವಿನ್ಯಾಸ ಹಾಕಿಕೊಡುವುದು ಎಂಬುದು ಮುಂದಿನ ಪ್ರಶ್ನೆ. ನನಗೆ ರೂಢಿಯಿರುವುದು 'ನುಡಿ'ಯಲ್ಲಿರುವ, ಕೆ. ಪಿ. ರಾವ್ ರೂಪಿಸಿದ ವಿನ್ಯಾಸ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಇಂಗ್ಲಿಷ್ ಕೀಲಿ ಗೊತ್ತಿದ್ದವರಿಗೆ ಸಲೀಸು. ಅವ್ವ ಜೀವಮಾನದಲ್ಲಿ ಇಂಗ್ಲಿಷ್ ಟೈಪ್ ಮಾಡಿದವಳಲ್ಲ. ಅವಳಿಗೆ ಇನ್‌ಸ್ಕ್ರಿಪ್ಟ್ ಹಾಕಿಕೊಟ್ಟೆ. ಅದು 1991ರಲ್ಲಿ ಭಾರತೀಯ ಮಾನಕವಾದ ವಿನ್ಯಾಸ. ಸ್ವರಗಳು ಬಹುತೇಕ ಎಡಗೈಗೆ, ವ್ಯಂಜನಗಳಲ್ಲಿ ಬಹುಪಾಲು ಬಲಗೈಗೆ. ಟೈಪ್‌ರೈಟರಿನಲ್ಲಿ ಒತ್ತಕ್ಷರಕ್ಕೆ ಬೇರೆ ಕೀಲಿ ಇತ್ತು. ಇಲ್ಲಿ ಎರಡು ಅಕ್ಷರಗಳ ನಡುವೆ ಡಿ ಕೀಲಿ ಒತ್ತಿದರೆ ಕೆಳಗಿನದು ತಾನೇ ಒತ್ತಾಗುತ್ತದೆ. ಹಳೆಯ ಜಾಗಕ್ಕೇ ಓಡುವ ಬೆರಳುಗಳನ್ನು ತಿದ್ದಲು ಅವಳಿಗೆ ಒಂದೂವರೆ ತಿಂಗಳು ಹಿಡಿಯಿತು. ಕೀಲಿಗಳ ಮೇಲೆ ಕನ್ನಡದ ಸ್ಟಿಕ್ಕರ್ ಅಂಟಿಸುತ್ತೇನೆಂದರೆ ಒಪ್ಪಲಿಲ್ಲ. "ಕೀಲಿ ನೋಡಕೊಂತ ಹೊಡೆಯೋರು ಟೈಪಿಸ್ಟ್ ಅಲ್ಲ." ನಕ್ಷೆಯೊಂದನ್ನು ಗೋಡೆಗೆ ಅಂಟಿಸಿಕೊಂಡಳು, ಅಷ್ಟೆ.

ಆ ನಕ್ಷೆ ನನ್ನ ಮಗಳ ಕಣ್ಣಿಗೆ ಬಿತ್ತು. ಅವಳು ಇಲ್ಲೇ ಹುಟ್ಟಿದವಳು. ತೆಲಂಗಾಣದಲ್ಲಿ 2018ರ ಕಾಯ್ದೆಯಿಂದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಹಾಗಾಗಿ ತೆಲುಗು ಓದುತ್ತಾಳೆ, ಬರೆಯುತ್ತಾಳೆ. ಕನ್ನಡ ಬಾಯಲ್ಲಿ ಮಾತ್ರ. ಇನ್‌ಸ್ಕ್ರಿಪ್ಟಿನಲ್ಲಿ ಭಾರತದ ಲಿಪಿಗಳಿಗೆಲ್ಲ ಜಾಗ ಒಂದೇ: ತೆಲುಗಿನ ಕ ಇರುವಲ್ಲೇ ಕನ್ನಡದ ಕ. ಅವ್ವನ ಪಕ್ಕ ಕೂತು ತೆಲುಗಿನಲ್ಲಿ 'ಅಜ್ಜಿ' ಎಂದು ಹೊಡೆದಳು. ಭಾಷೆ ಬದಲಿಸಿ ಅದೇ ಕೀಲಿಗಳನ್ನು ಒತ್ತಿದಾಗ ಕನ್ನಡದಲ್ಲಿ ಅಜ್ಜಿ ಬಂದಳು. ಎರಡನ್ನೂ ಒಂದರ ಕೆಳಗೊಂದು ನೋಡಿ, "ಅಪ್ಪಾ, ತಲೆಕಟ್ಟು ಒಂದೇ ಬೇರೆ ಅಲ್ವಾ?" ಎಂದಳು. ಎಷ್ಟೋ ವರ್ಷದಿಂದ ನಾನು ಕಲಿಸಬೇಕೆಂದುಕೊಂಡು ಕಲಿಸದೇ ಬಿಟ್ಟದ್ದು ಹೀಗೆ ಒಂದು ಮಧ್ಯಾಹ್ನ ಶುರುವಾಯಿತು.

ಕಳೆದ ತಿಂಗಳು ಅವ್ವ ದೊಡ್ಡವ್ವನಿಗೆ ಮೊದಲ ಪತ್ರ ಮುಗಿಸಿದಳು. ದೊಡ್ಡವ್ವನ ಮಗನ ವಾಟ್ಸಾಪಿಗೆ ಕಳಿಸುವ ಕೆಲಸ ನನ್ನದು. ಓದಬಾರದೆಂದುಕೊಂಡೇ ತೆರೆದೆ. ಆದರೆ ಅಕ್ಷರ ಅಷ್ಟು ದೊಡ್ಡದಾಗಿತ್ತು. ಮೇಲೆ ಎಡಗಡೆ 'ವಿಷಯ: ಊರಿಗೆ ಬರುವ ಕುರಿತು' ಎಂದಿತ್ತು. ನಗು ಬಂತು. 28 ವರ್ಷ ಬೇರೆಯವರ ಪತ್ರ ಹೊಡೆದ ಕೈ, ಸ್ವಂತ ಅಕ್ಕನಿಗೂ ಕಚೇರಿಯ ಧಾಟಿಯಲ್ಲೇ ಬರೆದಿತ್ತು. ಕೆಳಗಿನ ಸಾಲುಗಳಿಗೆ ಬಂದಾಗ ನಗು ನಿಂತಿತು. 'ಇಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಆದಾಗ್ಯೂ ನಿನ್ನ ಹತ್ತಿರ ಎರಡು ತಿಂಗಳು ಇರಬೇಕೆಂದು ಆಸೆ ಇರುತ್ತದೆ. ಈ ಬಗ್ಗೆ ಮಗನಿಗೆ ಈವರೆಗೆ ತಿಳಿಸಿರುವುದಿಲ್ಲ.'

ದಿನಾ ಊಟಕ್ಕೆ ಎದುರುಬದುರು ಕೂತು ಮಾತಾಡುತ್ತೇವೆ. ಅವಳಿಗೆ ಹೇಳಲಿಕ್ಕೆ ಇನ್ನೇನೋ ಉಳಿದಿದೆ ಎಂದು ನನಗೆ ಹೊಳೆದಿರಲಿಲ್ಲ. ಕೈ ನಡುಗಿದ ಈ ಎರಡು ವರ್ಷದಲ್ಲಿ, ನನಗೆ ಹೇಳಲಾಗದ್ದನ್ನು ಹೇಳಿಕೊಳ್ಳುವ ಒಂದೇ ಜಾಗವೂ ಅವಳಿಗೆ ಇಲ್ಲವಾಗಿತ್ತು.

ಪತ್ರ ಕಳಿಸಿ, "ಅವ್ವಾ, ಡಿಸೆಂಬರಿನಾಗ ರಜಾ ಹಾಕ್ತೀನಿ, ಸಿಂಧನೂರಿಗೆ ಹೋಗೋಣು" ಎಂದೆ.

"ಓದಿದೇನು?"

"ವಿಷಯ ಅಷ್ಟ ಓದಿದೆ."

"ವಿಷಯ ಓದಿದ್ರ ಕಡತ ಓದಿದಂಗ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ದಿಂಬಿನ ಮೇಲಿದ್ದ ಕೀಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಅಳತೆ ನೋಡಿದಳು.

"ಇದು ನನ್ನ ಕೈಚೀಲದಾಗ ಹಿಡಿಸ್ತೈತೇನು?"