ತಿರುಪತಿ ನೋಡಲು ಕೋಲ್ಕತ್ತದಲ್ಲಿ ಸಾಲು

ಕೋಲ್ಕತ್ತದ ವಿಮಾನ ನಿಲ್ದಾಣದಿಂದ ಊರೊಳಕ್ಕೆ ಬರುವ ದೊಡ್ಡ ರಸ್ತೆಗೆ ಸರ್ಕಾರ ಇಟ್ಟಿರುವುದು ಕವಿ ಕಾಜಿ ನಜ್ರುಲ್ ಇಸ್ಲಾಂ ಅವರ ಹೆಸರು. ಜನ ಮಾತ್ರ ಅದನ್ನು ವಿಐಪಿ ರೋಡ್ ಎನ್ನುತ್ತಾರೆ. ದುರ್ಗಾಪೂಜೆಯ ದಿನಗಳಲ್ಲಿ ಆ ರಸ್ತೆಯ ಮೇಲೆ ವಿಐಪಿ ಯಾರು, ನಮ್ಮಂಥವರು ಯಾರು ಎಂದು ಹೇಳುವುದು ಕಷ್ಟ. ಎಲ್ಲರೂ ನಿಂತೇ ಇರುತ್ತಾರೆ. ಕಾರಣ, ಪಕ್ಕದ ಲೇಕ್ ಟೌನಿನಲ್ಲಿ ಶ್ರೀಭೂಮಿ ಸ್ಪೋರ್ಟಿಂಗ್ ಕ್ಲಬ್ಬಿನವರು ಹಾಕುವ ಪೆಂಡಾಲು. 2021ರಲ್ಲಿ ಅಲ್ಲಿ ದುಬೈನ ಬುರ್ಜ್ ಖಲೀಫಾ ಎದ್ದಿತ್ತು. ಜನ ಮುಗಿಬಿದ್ದು, ಹಬ್ಬ ಮುಗಿಯುವ ಮೊದಲೇ ನೋಡುವವರನ್ನು ತಡೆಯಬೇಕಾಯಿತು. 2022ರಲ್ಲಿ ವ್ಯಾಟಿಕನ್, 2023ರಲ್ಲಿ ಡಿಸ್ನಿಲ್ಯಾಂಡ್. ನಾವು ಹೋದ 2024ರಲ್ಲಿ ತಿರುಪತಿ ತಿಮ್ಮಪ್ಪನ ಗುಡಿ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಕೋಲ್ಕತ್ತದಲ್ಲಿ ನಾನು ರೂಮು ಹುಡುಕಿದ್ದೇ ಈ ತಿಮ್ಮಪ್ಪನನ್ನು ತಪ್ಪಿಸಿಕೊಳ್ಳುವ ಲೆಕ್ಕದಲ್ಲಿ.

ನಮ್ಮ ಶಾಲೆಗಳ ದಸರಾ ರಜೆ, ಬಂಗಾಳದ ಪೂಜೆ ಎರಡೂ ಒಟ್ಟಿಗೇ ಬರುತ್ತವೆ. ಎಲ್‌ಟಿಸಿ ಹಿಡಿದು ಹೊರಟ ಕನ್ನಡದ ಕುಟುಂಬಗಳಿಗೆ ಅಲ್ಲಿಗೆ ಹೋಗಿ ಇಳಿದ ಮೇಲೆಯೇ ಇದು ಗೊತ್ತಾಗುವುದು. ನಾವು ಐವರು: ನಾನು, ನಮ್ಮನೆಯವರು, ಅತ್ತೆ, ಮಗಳು, ಮೈದುನನ ಮಗ. ಅತ್ತೆಗೆ ದಕ್ಷಿಣೇಶ್ವರ, ಬೇಲೂರು ಮಠ ಆಗಬೇಕು. ಮಕ್ಕಳಿಗೆ ಸಾಲ್ಟ್ ಲೇಕಿನ ನಿಕ್ಕೊ ಪಾರ್ಕಿನ ಆಟಗಳು. ನಮ್ಮನೆಯವರಿಗೆ ಪಾರ್ಕ್ ಸ್ಟ್ರೀಟ್. 1927ರಿಂದ ಅಲ್ಲಿರುವ ಫ್ಲೂರಿಸ್‌ನಲ್ಲಿ ಕೂತು ಚಹಾ ಕುಡಿಯಬೇಕೆಂಬುದು ಅವರ ಹಳೆಯ ಆಸೆ. ಹಾಗಾಗಿ ರೂಮೂ ಅಲ್ಲೇ ಇರಲಿ ಎಂದರು. ಅವರ ಗೆಳೆಯರೊಬ್ಬರು ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರ ಫೋಟೊ ಕಳಿಸಿ, ಈಜುಕೊಳ ಇದೆ, ದರವೂ ಕಮ್ಮಿ ಎಂದು ಶಿಫಾರಸು ಮಾಡಿದರು. ಊರು ನೋಡಲು ಹೋಗುವವರು ಈಜುಕೊಳ ನೋಡಿ ರೂಮು ಹಿಡಿಯುವುದು, ಮದುವೆಯೂಟಕ್ಕೆ ಹೋಗುವವರು ಛತ್ರದ ಕೈತೊಳೆಯುವ ನಲ್ಲಿ ವಿಚಾರಿಸಿದ ಹಾಗೆ. ಅಲ್ಲಿ ಉಳಿದರೆ ದಿನಕ್ಕೆ ಎರಡು ಸಲ ಶ್ರೀಭೂಮಿಯ ಜನಸಾಗರ ದಾಟಬೇಕು ಎಂಬುದು ಆ ಫೋಟೊದಲ್ಲಿ ಎಲ್ಲಿಂದ ಕಾಣಬೇಕು?

ನಾನು ಫೋನಿನಲ್ಲಿ ಎಲ್ಲರಿಗೂ ಮೂರೇ ಪ್ರಶ್ನೆ ಕೇಳಿದೆ. ನಿಕ್ಕೊ ಪಾರ್ಕಿನ ಗೇಟಿಗೆ ಎಷ್ಟು ದೂರ, ಬೆಳಿಗ್ಗೆ ತಿಂಡಿ ಎಷ್ಟು ಗಂಟೆಗೆ, ವಯಸ್ಸಾದವರು ಮಧ್ಯಾಹ್ನ ಬಂದು ಮಲಗಿ ಮತ್ತೆ ಹೋಗಲು ಆಗುತ್ತದೆಯೇ. ಒಬ್ಬ ಮ್ಯಾನೇಜರು ‘ಹತ್ತೇ ನಿಮಿಷದ ದಾರಿ’ ಎಂದ. ಪೂಜೆಯ ದಿನವೂ ಹತ್ತೇ ನಿಮಿಷವೇ ಎಂದೆ. ಆತ ನಕ್ಕುಬಿಟ್ಟ. ‘ಪೂಜೆಯಲ್ಲಿ ಪಕ್ಕದ ಮನೆಗೂ ಹತ್ತು ನಿಮಿಷದಲ್ಲಿ ಹೋಗೋಕಾಗಲ್ಲ ಮೇಡಂ.’ ಅಷ್ಟು ನಿಜ ಹೇಳಿದ ಮನುಷ್ಯ ಸಿಕ್ಕಿದ್ದು ಅವನೊಬ್ಬನೇ. ಇನ್ನೊಂದು ಕಡೆ ಮುಂಗಡ ಹಾಕಿದ ಮೇಲೆ ‘ಪೂಜೆ ರೇಟು’ ಎಂದು ಹೊಸ ದರ ಹೇಳಿದರು. ಆ ಮುಂಗಡ ವಾಪಸು ಬರುವಷ್ಟರಲ್ಲಿ ನಾವು ಹೋಗಿ ಬಂದೇ ಆಗಿತ್ತು.

ಕೊನೆಗೆ ಸಾಲ್ಟ್ ಲೇಕಿನ ಮೂರನೇ ಸೆಕ್ಟರಿನಲ್ಲಿ ಒಂದು ಮನೆಯ ಮೇಲ್ಮಹಡಿ ಸಿಕ್ಕಿತು. ಅಲ್ಲಿ ಇಂಥ ಗೆಸ್ಟ್‌ಹೌಸುಗಳು ಬೇಕಾದಷ್ಟಿವೆ. ಸಾಲ್ಟ್ ಲೇಕ್ ಎಂದರೆ ಒಂದು ಕಾಲದಲ್ಲಿ ನಿಜವಾಗಿಯೂ ಉಪ್ಪುನೀರಿನ ಜವುಗು. ಹೂಗ್ಲಿ ನದಿಯ ಹೂಳು ತಂದು ತುಂಬಿಸಿ, ಯುಗೊಸ್ಲಾವಿಯಾದ ವಾಸ್ತುಶಿಲ್ಪಿ ದೊಬ್ರಿವೊಯೆ ತೊಷ್ಕೊವಿಚ್ ಹಾಕಿಕೊಟ್ಟ ನಕ್ಷೆಯಂತೆ 1960ರ ದಶಕದಲ್ಲಿ ಕಟ್ಟಲು ಶುರುಮಾಡಿದ ಊರು. ಮುಖ್ಯಮಂತ್ರಿಯಾಗಿದ್ದ ಬಿಧಾನ್ ಚಂದ್ರ ರಾಯ್ ಅವರ ನೆನಪಿಗೆ ಬಿಧಾನ್‌ನಗರ ಎಂಬ ಹೆಸರೂ ಇದೆ. ಬಡಾವಣೆಗಳಿಗೆ ಎಫ್‌ಡಿ, ಜಿಡಿ, ಐಎ ಎಂದು ಬರೀ ಅಕ್ಷರಗಳು. ವಿಳಾಸ ಹೇಳುವವರು ಕಾರಿನ ನಂಬರ್ ಪ್ಲೇಟು ಓದುತ್ತಿದ್ದಾರೆ ಅನ್ನಿಸುತ್ತದೆ. ನನ್ನ ಲೆಕ್ಕಕ್ಕೆ ಅದರ ದೊಡ್ಡ ಗುಣ ಬೇರೆಯೇ: ವಿಮಾನ ನಿಲ್ದಾಣದಿಂದ ನ್ಯೂ ಟೌನಿನ ಬಿಶ್ವ ಬಾಂಗ್ಲಾ ಸರಣಿ ಹಿಡಿದು ಬಂದರೆ ವಿಐಪಿ ರೋಡಿನ ಶ್ರೀಭೂಮಿಯ ಕಡೆಗೆ ಹೋಗಬೇಕಾಗಿಯೇ ಇಲ್ಲ. ಟ್ಯಾಕ್ಸಿಯವನಿಗೆ ಇದನ್ನು ಹೇಳಿದಾಗ ಅವನು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ಇಲ್ಲಿಯವರೇ ಏನು ಎಂದು ಹಿಂದಿಯಲ್ಲಿ ಕೇಳಿದ. ನಮ್ಮನೆಯವರು ಆಮೇಲೆ ಪಾರ್ಕ್ ಸ್ಟ್ರೀಟಿನ ಸುದ್ದಿ ತೆಗೆಯಲಿಲ್ಲ.

ಪಾರ್ಕಿಗೆ ಯಾವ ದಿನ ಎಂಬುದು ಎರಡನೇ ಲೆಕ್ಕ. ಇದರಲ್ಲಿ ಗೆಸ್ಟ್‌ಹೌಸ್ ನೋಡಿಕೊಳ್ಳುವ ಕಾಕು ಸಹಾಯ ಮಾಡಿದರು. ಅತ್ತೆಯನ್ನು ಬಂದ ಗಳಿಗೆಯಿಂದಲೇ ‘ಮಾಸಿಮಾ’ (ಚಿಕ್ಕಮ್ಮ) ಮಾಡಿಕೊಂಡಿದ್ದ ಆತ ಹೇಳಿದ್ದು ಇಷ್ಟು: ಅಷ್ಟಮಿಯ ಬೆಳಿಗ್ಗೆ ಹೋಗಿ. ಸಪ್ತಮಿಯ ರಾತ್ರಿಯೆಲ್ಲ ಜನ ಪೆಂಡಾಲು ಸುತ್ತಿರುತ್ತಾರೆ. ಅಷ್ಟಮಿ ಬೆಳಿಗ್ಗೆ ಎದ್ದು, ಮಿಂದು, ಹೊಸ ಸೀರೆಯುಟ್ಟು, ಖಾಲಿ ಹೊಟ್ಟೆಯಲ್ಲಿ ಪಾಡಾದ, ಅಂದರೆ ತಮ್ಮ ಕೇರಿಯ, ಪೆಂಡಾಲಿಗೆ ಪುಷ್ಪಾಂಜಲಿ ಕೊಡಲು ಹೋಗುತ್ತಾರೆ. ಮನೆಯಲ್ಲಿ ಲುಚಿ ಎಂಬ ಮೈದಾ ಪೂರಿ ಕರಿಯುತ್ತಾರೆ. ಆ ಹೊತ್ತಿನಲ್ಲಿ ಉಯ್ಯಾಲೆ ಆಡಲು ಯಾರು ಬರುತ್ತಾರೆ?

ನಾವೂ ಹೊರಡುವ ಮುನ್ನ ಬ್ಲಾಕಿನ ಪೆಂಡಾಲಿಗೆ ಹೋದೆವು. ಅತ್ತೆಯ ಕೈಗೂ ಯಾರೋ ಹೂವು ಹಾಕಿದರು. ಪುರೋಹಿತರು ಮೈಕಿನಲ್ಲಿ ಹೇಳಿಕೊಟ್ಟ ಮಂತ್ರ ಬಂಗಾಳಿ ಉಚ್ಚಾರಣೆಯಲ್ಲಿ ಎಷ್ಟು ಉರುಟಾಗಿತ್ತೆಂದರೆ, ಸಂಸ್ಕೃತವೆಂದು ಅತ್ತೆಗೆ ಗೊತ್ತಾಗುವಷ್ಟರಲ್ಲಿ ಮುಗಿದೇ ಹೋಯಿತು. ಅಷ್ಟಮಿಯಂದು ಬಹಳ ಮನೆಗಳಲ್ಲಿ ಮೀನು ಮಾಂಸ ಇಲ್ಲ. ನಾಲ್ಕು ದಿನದಿಂದ ತಟ್ಟೆಯನ್ನು ಅನುಮಾನದಿಂದಲೇ ನೋಡುತ್ತಿದ್ದ ಅತ್ತೆ ಅವತ್ತು ಲುಚಿ, ಆಲೂರ್ ದಮ್ ಎರಡನ್ನೂ ಮತ್ತೆ ಹಾಕಿಸಿಕೊಂಡು ತಿಂದರು.

ನಿಕ್ಕೊ ಪಾರ್ಕು 1991ರಲ್ಲಿ ಶುರುವಾದದ್ದು. ನಮ್ಮ ಬಿಡದಿಯ ವಂಡರ್‌ಲಾಗಿಂತ ಹದಿನಾಲ್ಕು ವರ್ಷ ಹಿರಿದು, ಆ ವಯಸ್ಸು ಕಾಣುತ್ತದೆ ಕೂಡ. ದೊಡ್ಡ ಮರಗಳು, ಕೆರೆ, ಕೂ ಎನ್ನುವ ಪುಟಾಣಿ ರೈಲು, ಬಣ್ಣದ ಮೇಲೆ ಬಣ್ಣ ಬಳಿದ ಕಂಬಿಗಳು. ನನಗೆ ಅದೇ ಹಿಡಿಸಿತು. ಹತ್ತೂವರೆಯ ಸುಮಾರಿಗೆ ಒಳಗೆ ಹೋದಾಗ ನಮ್ಮ ಮುಂದೆ ಇದ್ದದ್ದು ಬಾಂಗ್ಲಾದ ಕಡೆಯಿಂದ ಬಂದಂತಿದ್ದ ಒಂದು ಕುಟುಂಬ, ಆಮೇಲೆ ಗಾಳಿ.

ಮಕ್ಕಳು ನೇರ ಓಡಿದ್ದು ಸೈಕ್ಲೋನ್ ಎಂಬ ಮರದ ರೋಲರ್ ಕೋಸ್ಟರಿಗೆ. 2003ರಲ್ಲಿ ಬಂದದ್ದು. ಕಬ್ಬಿಣದ ಕೋಸ್ಟರಿನ ಸದ್ದೇ ಬೇರೆ, ಇದರದೇ ಬೇರೆ. ಬಂಡಿ ಏರುವಾಗ ಇಡೀ ತೊಲೆಗಟ್ಟು ಕಿರ್‌ಕಿರ್ ಎನ್ನುತ್ತದೆ. ಇಳಿಯುವಾಗ ಹಲಗೆ ಹಲಗೆಯೂ ಗಡಗಡ ನಡುಗುವುದು ಕೆಳಗೆ ನಿಂತವರ ಅಂಗಾಲಿಗೆ ತಾಗುತ್ತದೆ. ಬಾಗಿಲಲ್ಲಿ ಎತ್ತರದ ಗೆರೆ ಎಳೆದ ಕಂಬ. ಮೈದುನನ ಮಗ ಅದರ ಪಕ್ಕ ಬೆನ್ನು ಸೆಟೆಸಿ ನಿಂತ. ಗೆರೆ ಅವನ ಕ್ರಾಪಿನ ಮಟ್ಟಕ್ಕಿತ್ತು, ತಲೆಯ ಮಟ್ಟಕ್ಕಿರಲಿಲ್ಲ. ಹಿಮ್ಮಡಿ ಮೆಲ್ಲಗೆ ಎತ್ತಿದ. ಖಾಕಿ ಅಂಗಿಯ ಆಪರೇಟರು ಏನೂ ಮಾತಾಡದೆ ಬಗ್ಗಿ, ಅವನ ಕೂದಲನ್ನು ಅಂಗೈಯಿಂದ ಒತ್ತಿ, ಮತ್ತೆ ಗೆರೆ ತೋರಿಸಿದರು. ಹುಡುಗ ಅಳಲಿಲ್ಲ, ಸಿಟ್ಟಿನಿಂದ ಆ ಕಂಬಕ್ಕೆ ಒಂದು ಗುದ್ದು ಕೊಟ್ಟು ಅಜ್ಜಿಯ ಹತ್ತಿರ ಹೋದ.

ಅತ್ತೆಗೆ ಬೇರೆಯೇ ಚಿಂತೆ. ಅಂದು ಅಕ್ಟೋಬರ್ 11, ನಮ್ಮಲ್ಲಿ ಆಯುಧಪೂಜೆ. ‘ಇಷ್ಟು ದೊಡ್ಡ ಮಿಷಿನ್ನು, ಪೂಜೆ ಆಗಿದೆಯೇನೇ ಕೇಳು. ಆಗದೆ ನಮ್ಮ ಹುಡುಗಿ ಹತ್ತೋದು ಬೇಡ.’ ನಾನು ಹಿಂದಿಯಲ್ಲಿ ಕೇಳಿದೆ. ಆಪರೇಟರು ಗಂಭೀರವಾಗಿಯೇ ಉತ್ತರ ಕೊಟ್ಟರು: ವಿಶ್ವಕರ್ಮ ಪೂಜೆ ಹೋದ ತಿಂಗಳೇ ಮುಗಿಯಿತು, ಯಂತ್ರಕ್ಕೆಲ್ಲ ಆವತ್ತೇ ಪೂಜೆ. ಬಂಗಾಳದಲ್ಲಿ ಗಾಡಿಗೆ, ಕಾರ್ಖಾನೆಗೆ ಸೆಪ್ಟೆಂಬರ್ 17ರ ಸುಮಾರಿಗೆ ಪೂಜೆ ಆಗುತ್ತದೆ, ದಸರೆಗೆ ಕಾಯುವುದಿಲ್ಲ. ‘ಒಂದು ತಿಂಗಳು ಆಗಿಲ್ಲವಲ್ಲ, ಸರಿ ಹಾಗಾದರೆ’ ಎಂದು ಅತ್ತೆ ಒಪ್ಪಿದರು. ಮಗಳು ಒಂದರ ಮೇಲೊಂದರಂತೆ ಹತ್ತಿ ಇಳಿದು, ಮುಖ ಬಿಳಿಚಿಕೊಂಡ ಮೇಲೆ ನಿಲ್ಲಿಸಿದಳು.

ಸಾಲು ಕಂಡಾಗ ನಾನೊಂದು ಲೆಕ್ಕ ಹಾಕುತ್ತೇನೆ. ಬಂಡಿಗೆ 24 ಜನ ಹಿಡಿಸುತ್ತಾರೆ, ನಾಲ್ಕು ನಿಮಿಷಕ್ಕೊಂದು ಬಂಡಿ ಹೊರಡುತ್ತದೆ ಎನ್ನೋಣ. ನಿಮಿಷಕ್ಕೆ ಆರು ಜನ ಆಯಿತು. ಮುಂದೆ 90 ತಲೆಗಳಿದ್ದರೆ ಹದಿನೈದು ನಿಮಿಷ. ಜಾನ್ ಲಿಟ್ಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಗಣಿತದಲ್ಲಿ ಸಾಧಿಸಿ ತೋರಿಸಿದ ಸೂತ್ರ ಇದೇ. ಪಡಿತರ ಅಂಗಡಿ ಮುಂದೆ ನಿಂತು ಬೆಳೆದವರಿಗೆ ಸೂತ್ರ ಬೇಕಾಗಿಲ್ಲ ಅನ್ನಿ. ಮಧ್ಯಾಹ್ನ ಎರಡಕ್ಕೆ ಸೈಕ್ಲೋನಿನ ಮುಂದೆ ನನ್ನ ಲೆಕ್ಕ ಐವತ್ತು ನಿಮಿಷ ದಾಟಿತು. ಅಂಜಲಿ, ಊಟ, ನಿದ್ದೆ ಮುಗಿಸಿದ ಕೋಲ್ಕತ್ತ ಎದ್ದು ಬಂದಿತ್ತು. ನಾವು ಟೋಟೋ ಎನ್ನುವ ಬ್ಯಾಟರಿ ರಿಕ್ಷಾ ಹಿಡಿದು ರೂಮಿಗೆ ಹೊರಟೆವು. ದೂರದ ಹೋಟೆಲಾಗಿದ್ದರೆ ಕೊಟ್ಟ ದುಡ್ಡು ವಸೂಲಾಗಲೆಂದು ಸಂಜೆಯವರೆಗೆ ಅಲ್ಲೇ ಬಿಸಿಲಿನಲ್ಲಿ ನರಳುತ್ತಿದ್ದೆವು.

ದುಡ್ಡು ಕೊಟ್ಟು ಸಾಲು ದಾಟುವ ಏರ್ಪಾಡಿನ ಬಗ್ಗೆ ನನಗೆ ಕಸಿವಿಸಿ ಇದೆ. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಎಲ್ಲರಿಗೂ ಪುಕ್ಕಟೆ. ಇಂಥ ಹೊತ್ತಿಗೆ ಬನ್ನಿ ಎಂದು ಚೀಟಿ ಕೊಡುತ್ತಿದ್ದರು, ಅಷ್ಟೇ. 2021ರಿಂದ ಅಮೆರಿಕದ ಪಾರ್ಕುಗಳಲ್ಲಿ ಅದಕ್ಕೂ ಬೆಲೆ. ಬಿಡದಿಯಲ್ಲೂ ಫಾಸ್ಟ್ ಟ್ರ್ಯಾಕ್ ಟಿಕೆಟು ಉಂಟು. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ. ನಾನೂ ಕೊಂಡಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಗಂಟೆಯಿಂದ ನಿಂತ ಮಗುವಿನ ಎದುರಿಗೇ ಇನ್ನೊಂದು ಮಗು ಪಕ್ಕದ ಬಾಗಿಲಿನಿಂದ ಹೋಗಿ ಕೂರುವಾಗ ಮೊದಲನೆಯದು ಅಪ್ಪನ ಮುಖ ನೋಡುತ್ತದಲ್ಲ, ಆ ನೋಟಕ್ಕೆ ಯಾವ ಟಿಕೆಟೂ ಇಲ್ಲ.

ಕೋಲ್ಕತ್ತದಲ್ಲಿ ನನ್ನನ್ನು ಬೆರಗಾಗಿಸಿದ್ದು ಆಟೋ ಸಾಲು. ಅಲ್ಲಿ ಆಟೋಗಳು ಗೊತ್ತಾದ ದಾರಿಯಲ್ಲಿ ಶೇರಿನ ಮೇಲೆ ಓಡುತ್ತವೆ. ಸ್ಟ್ಯಾಂಡಿನಲ್ಲಿ ಜನ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ, ಮುಂದಿನ ನಾಲ್ವರು ಹತ್ತುತ್ತಾರೆ, ಉಳಿದವರು ನಾಲ್ಕು ಹೆಜ್ಜೆ ಸರಿಯುತ್ತಾರೆ. ಗದರುವವರಿಲ್ಲ, ಹಗ್ಗವಿಲ್ಲ. ನಮ್ಮನೆಯವರು ಅಭ್ಯಾಸಬಲದಿಂದ ಪಕ್ಕದಿಂದ ನುಗ್ಗಿದಾಗ ಒಬ್ಬ ಮುದುಕಿ ‘ದಾದಾ, ಲೈನ್’ ಎಂದರು. ಬರೀ ಎರಡು ಮಾತು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದ ಮಹಾನುಭಾವರು ಹೋಗಿ ಕೊನೆಗೆ ನಿಂತರು.

ವಿಕ್ಟೋರಿಯಾ ಮೆಮೋರಿಯಲ್, ಬೇಲೂರು, ದಕ್ಷಿಣೇಶ್ವರ, ಗಂಗೆಯ ದೋಣಿ, ಇವೆಲ್ಲ ಎಲ್ಲರೂ ನೋಡುವಂತೆ ನೋಡಿದ್ದಾಯಿತು. ಧರ್ಮತಲದಲ್ಲಿ, ದೀಪಾಲಂಕಾರದ ನಡುವೆಯೇ, ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ವೈದ್ಯೆಗೆ ನ್ಯಾಯ ಕೇಳಿ ಕಿರಿಯ ವೈದ್ಯರು ಉಪವಾಸ ಕೂತಿದ್ದರು. ಪೆಂಡಾಲಿಗೆ ಹೊರಟ ಜನ ಅಲ್ಲಿಯೂ ಸಾಲಾಗಿ ನಿಂತು ಮುಂದೆ ಹೋಗುತ್ತಿದ್ದರು. ಮಗಳು ಅದರ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ.

ತಿಮ್ಮಪ್ಪನನ್ನು ತಪ್ಪಿಸಿಕೊಳ್ಳಲು ಮಾತ್ರ ಆಗಲಿಲ್ಲ. ಕಾಕು ಅತ್ತೆಯ ಕಿವಿಗೆ ಸುದ್ದಿ ಹಾಕಿದ್ದರು. ಪೆಂಡಾಲುಗಳು ರಾತ್ರಿಯಿಡೀ ತೆರೆದಿರುತ್ತವೆ. ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಆಟೋ ರಿಸರ್ವ್ ಮಾಡಿ, ಕೆಷ್ಟೊಪುರ ಕಾಲುವೆಯವರೆಗೆ ಹೋಗಿ, ಕಾಲುಸೇತುವೆ ದಾಟಿ ಶ್ರೀಭೂಮಿ ಸೇರಿದೆವು. ಸಂಜೆ ಗಂಟೆಗಟ್ಟಲೆ ಹಿಡಿಯುವ ಸಾಲು ಆ ಹೊತ್ತಿನಲ್ಲಿ ಬೇಗ ಬೇಗ ಸರಿಯುತ್ತಿತ್ತು. ಹಗ್ಗ ಹಿಡಿದ ಹುಡುಗರು ಗಂಟಲು ಕಟ್ಟಿಹೋಗಿದ್ದರೂ ಮುಂದೆ ಹೋಗಿ, ಮುಂದೆ ಹೋಗಿ ಎನ್ನುತ್ತಲೇ ಇದ್ದರು. ಚಿನ್ನದ ಬಣ್ಣದ ಗೋಪುರ, ಒಳಗೆ ಒಡವೆ ಹೇರಿಕೊಂಡ ದುರ್ಗೆ. ಅತ್ತೆ ಕೈಮುಗಿದು ಸುತ್ತ ನೋಡಿ, ‘ಲಾಡು ಎಲ್ಲಿ ಕೊಡ್ತಾರೆ?’ ಎಂದರು. ಲಾಡು ಇರಲಿಲ್ಲ. ಮಾರನೆಯ ಮಧ್ಯಾಹ್ನ ಬ್ಲಾಕಿನ ಪೆಂಡಾಲಿನಲ್ಲಿ ಹೆಸರುಬೇಳೆಯ ಭೋಗದ ಖಿಚುರಿ ಬಡಿಸಿದಾಗ ‘ಇದು ನಮ್ಮ ಹುಗ್ಗಿನೇ ಕಣೇ’ ಎಂದು ಸಮಾಧಾನ ಮಾಡಿಕೊಂಡರು.

ದಸರಾ ರಜೆಗೆ ಕೋಲ್ಕತ್ತಕ್ಕೆ ಹೋಗುವವರಿದ್ದರೆ ರೂಮನ್ನು ಜುಲೈ ಹೊತ್ತಿಗೇ ಸಾಲ್ಟ್ ಲೇಕ್ ಅಥವಾ ನ್ಯೂ ಟೌನ್ ಕಡೆ ಹಿಡಿಯಿರಿ, ದರವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಕ್ರಿಸ್‌ಮಸ್ ರಜೆಯಲ್ಲಾದರೆ ಡಿಸೆಂಬರ್ 25, ಜನವರಿ 1 ಎರಡು ದಿನ ಪಾರ್ಕು, ಮೃಗಾಲಯಗಳ ಕಡೆ ತಲೆಯೂ ಹಾಕಬೇಡಿ, ಬಂಗಾಳವೆಲ್ಲ ಅಲ್ಲೇ ಇರುತ್ತದೆ. ಇನ್ನು ಸಪ್ತಮಿಯಿಂದ ನವಮಿಯವರೆಗೆ ಸಂಜೆ ವಿಮಾನ ಹಿಡಿಯಬೇಕಾದವರು ಟ್ಯಾಕ್ಸಿಯವನಿಗೆ ಹತ್ತುವ ಮೊದಲೇ ಹೇಳಿ: ವಿಐಪಿ ರೋಡ್ ಬೇಡ, ನ್ಯೂ ಟೌನ್ ಮೇಲೆ ಹೋಗಪ್ಪಾ.