ಕಾಟಾದಾಗ ತೂಗದ ಹೂ

ರಾಯಬಾಗದಲ್ಲಿ ಹೂದೋಟ ಎಲ್ಲಿದೆ ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. ಹೂವಿಗೆಂದು ಇಲ್ಲಿ ಯಾರೂ ಬೇರೆ ಜಾಗ ಬಿಟ್ಟಿಲ್ಲ. ಬಚ್ಚಲ ನೀರು ಹರಿದಲ್ಲಿ ಗುಲ್‌ಬಕ್ಷಿ, ತಿಪ್ಪೆಯ ಅಂಚಿಗೆ ಚೆಂಡು ಹೂ, ಬಾವಿಕಟ್ಟೆಯ ಪಕ್ಕ ಒಂದು ಪಾರಿಜಾತ. ಮಳೆ ಹಿಂದೆ ಸರಿದು ಪಕ್ಷಮಾಸ ಮುಗಿಯುತ್ತಿದ್ದಂತೆ ಇವೆಲ್ಲ ಒಮ್ಮೆಲೇ ಮೈತುಂಬಿಕೊಳ್ಳುತ್ತವೆ. ಗುಲ್‌ಬಕ್ಷಿ ಶಾಲೆ ಬಿಡುವ ಹೊತ್ತಿಗೆ ಅರಳುತ್ತದೆ. ಒಂದೇ ಗಿಡದಲ್ಲಿ ಗುಲಾಬಿ, ಹಳದಿ, ಎರಡೂ ಬೆರೆತ ಪಟ್ಟೆ. ಈ ಸಂಜೆ ಅರಳಿದ್ದು ನಾಳೆ ಬಿಸಿಲೇರುವುದರೊಳಗೆ ಮುದುಡಿರುತ್ತದೆ. ದೇವರಿಗೂ ಏರದ, ಪೇಟೆಗೂ ಹೋಗದ ಹೂವಿದು. ಹುಡುಗಿಯರ ಜಡೆಗೆ ಮಾತ್ರ ಮೀಸಲು.

ಚೆಂಡು ಹೂವಿನ ನಸೀಬು ಬೇರೆ. ಖಂಡೆ ಪೂಜೆಯ ದಿನ ಅದು ಟ್ರ್ಯಾಕ್ಟರಿನ ಮೂತಿಗೂ ಬೇಕು, ಹೊಲಿಗೆ ಯಂತ್ರಕ್ಕೂ ಬೇಕು, ಬೋರಿನ ಸ್ಟಾರ್ಟರ್ ಡಬ್ಬಿಗೂ ಬೇಕು. ವರ್ಷವಿಡೀ ಕರೆಂಟು ಬರಲಿಲ್ಲವೆಂದು ಬೈಸಿಕೊಂಡ ಆ ತುಕ್ಕು ಡಬ್ಬಿ ಅಂದೊಂದು ದಿನ ಮದುಮಗನಾಗಿ ನಿಲ್ಲುತ್ತದೆ. ಈ ಹೂವಿನ ತವರು ಮೆಕ್ಸಿಕೊ. ಅಲ್ಲಿಯೂ ಇದು ಇದೇ ದಿನಗಳ ಹೂ: ನವೆಂಬರ್ 1 ಮತ್ತು 2ರಂದು ತೀರಿಕೊಂಡವರು ಮನೆಗೆ ಬರುತ್ತಾರೆಂದು ದಾರಿಗೆ ಇದರ ಎಸಳು ಚೆಲ್ಲುತ್ತಾರೆ. ನಾವು ಪಕ್ಷಮಾಸದಲ್ಲಿ ಹಿರಿಯರಿಗೆ ಎಡೆ ಇಟ್ಟು, ಹೂವನ್ನು ಯಂತ್ರಗಳಿಗೆ ತೆಗೆದಿಟ್ಟಿದ್ದೇವೆ. ಹಬ್ಬದ ಮುಂಜಾನೆ ದರ ಕೇಳಿದರೆ ಕೈ ಸುಡುತ್ತದೆ. ಮರುದಿನ ಅದೇ ಹೂ ದನದ ಮುಂದೆ ಬಿದ್ದಿರುತ್ತದೆ. ಬಾಗಿಲ ತೋರಣ ಒಣಗಿದ ಮೇಲೆ ಕೈಯಲ್ಲಿ ತಿಕ್ಕಿ ಅಂಗಳಕ್ಕೆ ಒಗೆದರೆ ಸಾಕು, ಮುಂದಿನ ಮಿರಗದ ಮಳೆಗೆ ಸಸಿ ತಾನೇ ಏಳುತ್ತದೆ.

ಈ ಗಿಡಗಳಿಗೆ ಹೂ ಬಿಡುವ ಹೊತ್ತಾಯಿತೆಂದು ಹೇಳುವವರು ಯಾರು? ಉತ್ತರ ಸಿಕ್ಕದ್ದು ತಂಬಾಕಿನಿಂದ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಕೃಷಿ ವಿಜ್ಞಾನಿಗಳಿಗೆ ಒಂದು ಹಟಮಾರಿ ತಂಬಾಕಿನ ತಳಿ ಗಂಟುಬಿತ್ತು. ಬೇಸಿಗೆಯುದ್ದಕ್ಕೂ ಆಳೆತ್ತರ ಬೆಳೆದರೂ ಹೂ ಮಾತ್ರ ಇಲ್ಲ. ಅದನ್ನು ದಿನದ ಸ್ವಲ್ಪ ಹೊತ್ತು ಕತ್ತಲ ಕೋಣೆಗೆ ನೂಕಿ ಹಗಲನ್ನು ಗಿಡ್ಡ ಮಾಡಿದಾಗ ಹೂ ಬಂತು. 1920ರಲ್ಲಿ ಇದು ಪ್ರಕಟವಾಯಿತು. ಸೇವಂತಿಯದೂ ಇದೇ ಸ್ವಭಾವ. ಅದಕ್ಕೇ ಹೂ ತಡವಾಗಿ ಬೇಕೆನ್ನುವ ಬೆಳೆಗಾರರು ರಾತ್ರಿ ಗಿಡಗಳ ಮೇಲೆ ಬಲ್ಬು ಹಚ್ಚಿಟ್ಟು ಹಗಲು ಇನ್ನೂ ಉದ್ದವಿದೆ ಎಂದು ನಂಬಿಸುತ್ತಾರೆ. ಇತ್ತ ಬೀಡಿ ತಂಬಾಕಿನ ಊರಾದ ನಿಪ್ಪಾಣಿಯ ಕಡೆಗೆ ಹೋದರೆ ಗುಲಾಬಿ ಬಣ್ಣದ ಆ ಹೂ ಕಾಣಿಸುವುದೇ ಅಪರೂಪ. ಮೊಗ್ಗು ತಲೆಯೆತ್ತಿತೋ ಇಲ್ಲವೋ ರೈತ ಕುಡಿ ಮುರಿಯುತ್ತಾನೆ. ಹೂವಿಗೆ ಹೋಗಬೇಕಾದ ಕಸುವು ಎಲೆಗೆ ಇಳಿಯಲಿ ಎಂದು.

ಕಬ್ಬಿನ ಹೂವನ್ನು ಮಾತ್ರ ಚಿವುಟಲು ಆಗುವುದಿಲ್ಲ. ಹಗಲು ಗಿಡ್ಡವಾಗುವ ಆಗಸ್ಟ್, ಸೆಪ್ಟೆಂಬರಿನಲ್ಲೇ ಅದು ಒಳಗೊಳಗೇ ತೀರ್ಮಾನ ಮಾಡಿಕೊಂಡಿರುತ್ತದೆ. ದೀಪಾವಳಿಯ ಆಸುಪಾಸಿಗೆ ಸೂಲಂಗಿ ಹೊರಬೀಳುತ್ತದೆ. ಇಳಿಬಿಸಿಲಿನಲ್ಲಿ ಕುಡಚಿ ರಸ್ತೆಗೆ ಹೋದರೆ ಎರಡೂ ಬದಿಗೆ ಬೆಳ್ಳಿಬಣ್ಣದ ತುರಾಯಿಗಳ ಸಾಲು. ಚಂದ ಐತಲ್ಲ ಎಂದು ಒಬ್ಬ ರೈತನ ಮುಂದೆ ಅಂದೆ. "ನೋಡಾಕ ಚಂದ ಐತ್ರಿ. ಕಾಟಾದಾಗ ತೂಗಂಗಿಲ್ಲ" ಅಂದ. ಅವನ ಮಾತೂ ಸರಿಯೇ. ಸೂಲಂಗಿ ಬಂದ ಕಬ್ಬು ಮುಂದೆ ಬೆಳೆಯುವುದಿಲ್ಲ, ಕಟಾವು ತಡವಾದರೆ ಒಳಗೆ ಬೆಂಡಾಗುತ್ತದೆ. ಆದರೂ ಅವನ ಹೊಲದಲ್ಲಿದ್ದ ತಳಿಯ ಹೆಸರು ಕೋ 86032. 'ಕೋ' ಎಂದರೆ ಕೊಯಮತ್ತೂರು. ಕಬ್ಬು ಅಲ್ಲಿ ಚೆನ್ನಾಗಿ ಹೂ ಬಿಟ್ಟು ಬೀಜ ಕಟ್ಟುತ್ತದೆಂದೇ 1912ರಲ್ಲಿ ತಳಿ ಕೇಂದ್ರ ಅಲ್ಲಿ ನೆಲೆಯಾಯಿತು. ಅವನು ಬೈಯುತ್ತಿದ್ದ ಹೂವೇ ಅವನ ಬೆಳೆಯ ಹಡೆದವ್ವ. ಇದನ್ನು ಅವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಕಾರ್ಖಾನೆಯ ಬಿಲ್ಲು ಇನ್ನೂ ಬಂದಿರಲಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಅರಿಷಿಣದ ಹೂ. ಎದೆಮಟ್ಟದ ಎಲೆಗಳನ್ನು ಎರಡೂ ಕೈಯಿಂದ ಸರಿಸಿ ಬಗ್ಗಿದರೇನೇ ಕಾಣುತ್ತದೆ: ತಿಳಿಹಸಿರು ಜೇಬುಗಳನ್ನು ಒಂದರ ಮೇಲೊಂದು ಹೊಲಿದಂಥ ತೆನೆ, ತುದಿಗೆ ಬಿಳಿ, ಬಿಳಿಯೊಳಗೆ ಚೂರು ಗುಲಾಬಿ. ನಿಜವಾದ ಹೂ ಆ ಜೇಬಿನಿಂದ ಇಷ್ಟೇ ಇಷ್ಟು ಇಣುಕುತ್ತದೆ, ಅದೂ ಮಾಸಲು ಹಳದಿ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರವಾಗಿ ಜನರ ತಲೆ, ಮೈ, ನೆಲವನ್ನೆಲ್ಲ ಹಳದಿ ಮಾಡುವ ಬೆಳೆ ತನ್ನ ಹೂವಿಗೆ ಬಣ್ಣ ಹಚ್ಚುವಾಗ ಯಾಕಿಷ್ಟು ಜುಗ್ಗತನ ಮಾಡಿತೋ.

ಆ ಕೊರತೆಯನ್ನು ಮಡ್ಡಿ ತುಂಬಿಕೊಡುತ್ತದೆ. ಗುರೆಳ್ಳಿನ ಹೊಲ ಹೂವಿಗೆ ಬಂದರೆ ಜೇನುಹುಳಗಳ ಗುಂಯ್ ಸದ್ದು ದಾರಿಯವರೆಗೂ ಕೇಳುತ್ತದೆ. ಕಲ್ಲು ಗರಸಿನಲ್ಲಿ ಯಾರ ಹಂಗೂ ಇಲ್ಲದೆ ಹೊನ್ನಾರಿಕೆ ನಿಂತಿರುತ್ತದೆ. ದನವೂ ಅದಕ್ಕೆ ಬಾಯಿ ಹಾಕುವುದಿಲ್ಲ. ದೀಪಾವಳಿ ಪಾಡ್ಯದ ದಿನ ಮಾತ್ರ ಬಾಗಿಲಲ್ಲಿ ಸೆಗಣಿಯ ಪಾಂಡವರನ್ನು ಕೂಡಿಸಿ ತಲೆಗೆ ಉತ್ತರಾಣಿ ಕಡ್ಡಿ, ಹೊನ್ನಾರಿಕೆ ಹೂ ಸಿಗಿಸಲೇಬೇಕು. ಎಷ್ಟು ಕಿಲೊ ಚೆಂಡು ಹೂ ತಂದರೂ ಅದರ ಬದಲಿಗೆ ನಡೆಯುವುದಿಲ್ಲ.

ಈಗ ಮಡ್ಡಿಗಳಿಗೂ ಜೆಸಿಬಿ ಬಂದಿದೆ, ಹಿಂದೆಯೇ ಪೈಪು, ಅದರ ಹಿಂದೆ ಕಬ್ಬು. ಹಬ್ಬದ ಸಂತೆಯಲ್ಲಿ ಒಬ್ಬ ಮುದುಕಿ ಹೊನ್ನಾರಿಕೆಯ ಸೂಡು ಕಟ್ಟಿ ಮಾರಲು ಕೂತಿದ್ದಳು.

"ಎಷ್ಟಬೇ ಯವ್ವ?"

"ಹತ್ತ ರೂಪಾಯಿಗೆ ಒಂದ."

"ಮಡ್ಡ್ಯಾಗ ಪುಕ್ಕಟ ಸಿಗತೈತಲ್ಲ!"

"ಹಂಗಾದ್ರ ಹೋಗಿ ಹರಕೊಂಡ ಬರ್ರಿ. ಸಿಕ್ಕರ ನನಗೂ ನಾಕ ಸೂಡ ತರ್ರಿ" ಎಂದು ನನ್ನ ಹಿಂದಿದ್ದವರ ಕಡೆ ಕೈ ಚಾಚಿದಳು.